ತಿಂಗಳಿಗೆ 3 ಪರ್ಸೆಂಟ್ ಹಲಾಲ್ (ಧರ್ಮ ಒಪ್ಪುವ, ಬಡ್ಡಿಯಲ್ಲದ) ಲಾಭ ಕೊಡುವ ಕಂಪನಿಗೆ ಅಪ್ಪನ ರಿಟೈರ್ಮೆಂಟ್ ದುಡ್ಡು ಹಾಕಬಹುದಾ? ಬಡ್ಡಿ ಇಲ್ಲದ ಇಸ್ಲಾಮಿಕ್ ಬ್ಯಾಂಕಿಂಗ್ ಸಮಾಜಕ್ಕೂ ಒಳ್ಳೆಯದು ಅಲ್ವಾ?

ದಯವಿಟ್ಟು ಹಾಕಬೇಡಿ. ‘ಬಡ್ಡಿ ಇಲ್ಲ, ದೊಡ್ಡವರು ಒಪ್ಪಿದ್ದಾರೆ, ಬಡವರಿಗೂ ಸಹಾಯ ಆಗುತ್ತದೆ.’ ಇದೇ ಮಾತನ್ನು 2016ರಲ್ಲಿ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ.

ನಾವು ರಾಮನಗರದವರು. ಅಬ್ಬಾ ರೇಷ್ಮೆ ರೀಲರ್. ಬೆಳಿಗ್ಗೆ ಮಾರ್ಕೆಟ್‌ಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ತರುತ್ತಿದ್ದರು. ಮನೆ ಹಿಂದಿನ ಶೆಡ್‌ನಲ್ಲಿ ಬೇಯಿಸಿ ನೂಲು ತೆಗೆಯುವುದು. ಬಿಸಿನೀರಲ್ಲಿ ಕೈಯಾಡಿಸಿ ಆಡಿಸಿ ಅಮ್ಮಿಯ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ತಂಗಿ ಮದುವೆಗೆ ಅಂತ ಕೂಡಿಟ್ಟ 6 ಲಕ್ಷ ರೂಪಾಯಿಯನ್ನು ನಾನೇ ಒತ್ತಾಯ ಮಾಡಿ ಬೆಂಗಳೂರಿನ ಒಂದು ಕಂಪನಿಗೆ ಕೊಡಿಸಿದೆ. ತಿಂಗಳಿಗೆ 18,000 ಬರುತ್ತಿತ್ತು. ನನ್ನ ಮಾತು ನಂಬಿ ಚಿಕ್ಕಮ್ಮನೂ 1 ಲಕ್ಷ ಹಾಕಿದರು. 11 ತಿಂಗಳು ಬಂತು, ಆಮೇಲೆ ನಿಂತಿತು. ಆಫೀಸಿಗೆ ಬೀಗ.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಅಲ್ಲೇ ನಿಂತಿದ್ದೀರಿ. ಕಂಪನಿಯವರು ಕೊಟ್ಟ ಕಾಗದದಲ್ಲಿ ಮುದಾರಬಾ ಅಂತ ಬರೆದಿತ್ತು. ಮುದಾರಬಾ ಅಂದರೆ ಒಬ್ಬರ ದುಡ್ಡು, ಇನ್ನೊಬ್ಬರ ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲಿನಂತೆ ಹಂಚಿಕೊಳ್ಳುವುದು. ನಷ್ಟವಾದರೆ ದುಡ್ಡು ಹಾಕಿದವರ ದುಡ್ಡು ಹೋಗುತ್ತದೆ, ದುಡಿದವರ ಶ್ರಮ ಹೋಗುತ್ತದೆ. ಅಂದಮೇಲೆ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ತಾನೇ ಬರಬೇಕು? ನಮಗೆ 11 ತಿಂಗಳೂ ಸರಿಯಾಗಿ 18,000. ಹಾಕಿದ ದುಡ್ಡಿಗೆ ತಿಂಗಳಿಗೆ ಇಂತಿಷ್ಟು ಅಂತ ಮೊದಲೇ ಗೊತ್ತುಮಾಡಿದರೆ ಅದು ಬಡ್ಡಿಯೇ, ಹೆಸರು ಏನೇ ಇಟ್ಟರೂ. ನಾನು ಅದನ್ನು ಪ್ರಾಮಾಣಿಕತೆ ಅಂದುಕೊಂಡೆ. ಗೂಡಿನ ರೇಟು ದಿನಾ ಏರಿ ಇಳಿಯುವುದನ್ನು ನೋಡುತ್ತಲೇ ಬೆಳೆದ ನಾನು, ಏರಿಳಿತವೇ ಇಲ್ಲದ ವ್ಯಾಪಾರ ಯಾವುದು ಅಂತ ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಇಸ್ಲಾಮಿಕ್ ಬ್ಯಾಂಕಿಗೆ ಲೈಸೆನ್ಸ್ ಕೊಡುವ ವ್ಯವಸ್ಥೆಯೇ ಇಲ್ಲ. ಬಡ್ಡಿ ಇಲ್ಲದ ಬ್ಯಾಂಕಿಂಗ್ ಬೇಕು ಅಂತ 2008ರಲ್ಲಿ ಹಣಕಾಸು ಸುಧಾರಣೆ ಕುರಿತ ರಘುರಾಮ್ ರಾಜನ್ ಸಮಿತಿ ಹೇಳಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಮುಂದುವರಿಸುವುದಿಲ್ಲ ಎಂದಿತು. ಆ ಜಾಗ ಖಾಲಿ ಉಳಿದಿದ್ದರಿಂದಲೇ ಇಂಥ ಕಂಪನಿಗಳಿಗೆ ನಮ್ಮಂಥವರು ಸಿಗುತ್ತಾರೆ. ನಿಜವಾದ ಬ್ಯಾಂಕಿನ ಡೆಪಾಸಿಟ್‌ಗೆ ಈಗ 5 ಲಕ್ಷದವರೆಗೆ ವಿಮೆ ಇದೆ. ನಿಮ್ಮ ಕಂಪನಿಯ ಹತ್ತಿರ ಅದೂ ಇರುವುದಿಲ್ಲ.

ಇನ್ನು ಸಮಾಜಕ್ಕೆ ಒಳ್ಳೆಯದಾ ಅನ್ನುವ ಮಾತು. ನೀವು ಕೇಳುತ್ತಿರುವುದು ದುಡ್ಡು ಇರುವವರ ಪ್ರಶ್ನೆ. ನನ್ನ ಪ್ರಕಾರ ದುಡ್ಡು ಇಲ್ಲದವರ ಕಡೆಯಿಂದ ನೋಡಬೇಕು. 1963ರಲ್ಲಿ ಈಜಿಪ್ಟ್‌ನ ಮಿತ್ ಘಮ್ರ್ ಅನ್ನುವ ಊರಲ್ಲಿ ಅಹ್ಮದ್ ಅಲ್ ನಜ್ಜಾರ್ ಅನ್ನುವವರು ಬಡ್ಡಿ ಇಲ್ಲದ ಒಂದು ಉಳಿತಾಯ ಬ್ಯಾಂಕ್ ಶುರುಮಾಡಿದರು. ಜರ್ಮನಿಯ ಉಳಿತಾಯ ಬ್ಯಾಂಕುಗಳನ್ನು ನೋಡಿ ಬಂದಿದ್ದರು. ನೈಲ್ ನದಿ ಬಯಲಿನ ರೈತರು ಅಲ್ಲಿ ಚಿಲ್ಲರೆ ದುಡ್ಡು ಇಡುತ್ತಿದ್ದರು. ಕಷ್ಟಕ್ಕೆ ಬಡ್ಡಿ ಇಲ್ಲದ ಸಣ್ಣ ಸಾಲ ಸಿಗುತ್ತಿತ್ತು. ಇಸ್ಲಾಮಿಕ್ ಅನ್ನುವ ಪದ ಅದರ ಹೆಸರಲ್ಲೇ ಇರಲಿಲ್ಲ. ಇವತ್ತು ಗಲ್ಫ್‌ನ ದೊಡ್ಡ ಬ್ಯಾಂಕುಗಳು ಜಾಸ್ತಿ ಮಾಡುವುದು ಮುರಾಬಹಾ, ಅಂದರೆ ತಾವು ವಸ್ತು ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ಮಾರುವುದು. ಅದು ತಪ್ಪಲ್ಲ. ಆದರೆ ಕಂತು ಕಟ್ಟುವ ಶಕ್ತಿ ಇರುವವರಿಗೆ ಮಾತ್ರ ಅದು ಉಪಯೋಗ.

ನಮ್ಮನ್ನು ಎತ್ತಿದ್ದು ಮಸೀದಿ ಕಮಿಟಿಯ ಕರ್ಜ್-ಎ-ಹಸನಾ, ಅಂದರೆ ಬಡ್ಡಿ ಇಲ್ಲದ ಸಾಲ. 40,000 ರೂಪಾಯಿ. ಅಮ್ಮಿಯ ಒಂದು ಜೊತೆ ಬಳೆ ಅಡ ಇಟ್ಟುಕೊಂಡರು, ಇಬ್ಬರ ಜಾಮೀನು ಕೇಳಿದರು. ತಿಂಗಳಿಗೆ 2,000ದಂತೆ 20 ತಿಂಗಳು ಕಟ್ಟಿದೆವು. ಕಮಿಟಿಯ ಹಿರಿಯರು ಉದ್ದನೆಯ ಲೆಕ್ಕದ ಪುಸ್ತಕ ತೆಗೆದು, ಬೆರಳಿಟ್ಟು ಸಾಲು ಹುಡುಕಿ, ಪ್ರತಿ ಸಲ ನಮ್ಮ ಕಣ್ಣೆದುರೇ ಬರೆಯುತ್ತಿದ್ದರು. ಕಟ್ಟಿದ್ದು ಒಟ್ಟು 40,000, ಒಂದು ರೂಪಾಯಿ ಜಾಸ್ತಿ ಇಲ್ಲ. ಆ ದುಡ್ಡಲ್ಲಿ ಅಬ್ಬಾ ಮತ್ತೆ ಗೂಡು ತಂದರು.

ಅಪ್ಪನ ದುಡ್ಡು ಬ್ಯಾಂಕಿನಲ್ಲೇ ಇರಲಿ. ಬಡ್ಡಿ ಬೇಡ ಅಂದರೆ ಕರೆಂಟ್ ಅಕೌಂಟ್‌ನಲ್ಲಿಡಿ. ಮನಸ್ಸಿದ್ದರೆ ಅದರಲ್ಲಿ 10,000 ತೆಗೆದು ನಿಮ್ಮೂರಿನ ಇಂಥ ಕಮಿಟಿಗೆ ಕೊಡಿ, ಪುಸ್ತಕ ನೋಡಿಯೇ ಕೊಡಿ. ಕಂಪನಿಯವರು ಮತ್ತೆ ಫೋನ್ ಮಾಡಿದರೆ, ಹೋದ ವರ್ಷ ಯಾವ ಯಾವ ತಿಂಗಳು ನಿಮಗೆ ನಷ್ಟ ಆಯಿತು ಅಂತ ಕೇಳಿ.