ಟೌನ್‌ಶಿಪ್ ಆಡುಮಾತಿನ ಸಣ್ಣಕತೆಯನ್ನು ಮ್ಯೂಸಿಕಲ್ ಮಾಡುವಾಗ ಭಾಷೆಯನ್ನು ತಿಳಿಯಾಗಿಸಬೇಕೇ?

ನೀವು ಕೇಳಿದ್ದು: ಐವತ್ತರ ದಶಕದ ಜೋಹಾನ್ಸ್‌ಬರ್ಗ್, ಹೆಚ್ಚಾಗಿ ಕಪ್ಪು ಜನರಿದ್ದ ಬಡಾವಣೆ (ಟೌನ್‌ಶಿಪ್) ಸೋಫಿಯಾಟೌನ್‌ನ ಹತ್ತು ಪುಟದ ಕತೆ, ಮಾತೆಲ್ಲ ತ್ಸೊತ್ಸಿತಾಲ್ (ಹಲವು ಭಾಷೆ ಬೆರೆತ ಬೀದಿಯ ಆಡುಮಾತು), ತೊಂಬತ್ತು ನಿಮಿಷದ ಮ್ಯೂಸಿಕಲ್ ಆಗಬೇಕು, ಮಾತನ್ನು ಸರಳ ಮಾಡಲೇ?

ಬೇಡ. ಮಾಡಿದರೆ ಉಳಿಯುವುದು ಬರೀ ಕಥಾವಸ್ತು, ಅದು ಇಂಥ ಕತೆಗಳಲ್ಲಿ ಎರಡು ಸಾಲಿಗೆ ಮುಗಿಯುತ್ತದೆ.

ಮೊದಲು ಕಾಲ ಗಟ್ಟಿ ಮಾಡಿಕೊಳ್ಳಿ. ಸೋಫಿಯಾಟೌನ್‌ನ ತ್ಸೊತ್ಸಿತಾಲ್‌ಗೆ ಡಚ್ ಮೂಲದ ಆಫ್ರಿಕಾನ್ಸ್ ಭಾಷೆ ಬುನಾದಿ, ಮೇಲೆ ಜುಲು, ಸೋಥೋ, ಇಂಗ್ಲಿಷ್ ಪದಗಳು. ಆಮೇಲೆ ಜೋಹಾನ್ಸ್‌ಬರ್ಗ್‌ನ ಇನ್ನೊಂದು ಟೌನ್‌ಶಿಪ್ ಸೊವೆಟೊದಲ್ಲಿ ಬೆಳೆದ ಇಸ್ಕಾಮ್ತೊ ಎಂಬ ಆಡುಮಾತಿಗೆ ಜುಲು, ಸೋಥೋಗಳೇ ಬುನಾದಿ. ಇಂದಿನ ಹುಡುಗರ ಬಾಯಿಗೆ ಬರುವುದು ಎರಡನೆಯದು. ಸುಮ್ಮನಿದ್ದರೆ ಅದೇ ನುಸುಳಿ, 1955ರ ಫೆಬ್ರವರಿಯಲ್ಲಿ ಮನೆ ಖಾಲಿ ಮಾಡಿಸಲು ಪೊಲೀಸರು ಬರುವ ದೃಶ್ಯದಲ್ಲಿ ಮೊಮ್ಮಕ್ಕಳ ಕಾಲದ ಮಾತು ಕೇಳುತ್ತದೆ. ಸೋಫಿಯಾಟೌನ್‌ನ ಹಳೆಯ ಮಾತಾಡಿ ಬೆಳೆದ ಹಿರಿಯರೊಬ್ಬರಿಂದ ಸಂಭಾಷಣೆ ಓದಿಸಿ ರೆಕಾರ್ಡ್ ಮಾಡಿಕೊಳ್ಳಿ, ರಾಗ ಹಾಕುವುದಕ್ಕೂ ಮುಂಚೆ.

ಏಕೆಂದರೆ ರಾಗ ಕೆಡುವುದು ಇಲ್ಲೇ. 'ಕೊಮ್ ದೂಜೆ', ಅಂದರೆ 'ಹತ್ತಿರ ಬಾ': ಮೊದಲ ಪದ ಆಫ್ರಿಕಾನ್ಸ್, ಎರಡನೆಯದು ಜುಲು. ಜುಲುವಿನಲ್ಲಿ ಕೊನೆಯಿಂದ ಎರಡನೇ ಅಕ್ಷರ ಎಳೆಯುತ್ತದೆ, ಹಾಗಾಗಿ ಉದ್ದ ಸ್ವರ 'ದೂ' ಮೇಲೆ ಕೂರಬೇಕು. ಪ್ರಾಸದ ಆಸೆಗೆ 'ಜೆ'ಯನ್ನು ಎಳೆದರೆ ಆ ಊರಿನವರಿಗೆ ಅದು ಪದವಾಗಿಯೇ ಕೇಳುವುದಿಲ್ಲ.

ಸಂಗೀತಕ್ಕೆ ಟೌನ್‌ಶಿಪ್‌ಗಳ ಕುಣಿತದ ಸಂಗೀತವಾದ ಮರಾಬಿ ಸಾಕು. ಸಿ, ಎಫ್, ಸಿ, ಜಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು), ನಾಲ್ಕು ಬಾರ್ (ತಾಳದ ನಾಲ್ಕು ಭಾಗ), ತಿರುಗಿ ಅದೇ. ಶೆಬೀನ್‌ಗಳಲ್ಲಿ, ಎಂದರೆ ಕದ್ದು ಹೆಂಡ ಮಾರುವ ಮನೆಗಳಲ್ಲಿ, ರಾತ್ರಿಯಿಡೀ ಸುತ್ತುತ್ತಿದ್ದದ್ದು ಇದೇ. ಈ ಸುತ್ತಿನ ಮೇಲೆ ಮಾತೂ ನಡೆಯುತ್ತದೆ, ಹಾಡೂ ನಡೆಯುತ್ತದೆ. ಸಂಭಾಷಣೆ ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೊತ್ತಾಗಬಾರದು. ಬೀದಿ ದೃಶ್ಯಕ್ಕೆ ಕ್ವೇಲಾ ಎಂಬ ಬೀದಿ ಸಂಗೀತ: ಪೆನ್ನಿವಿಸಿಲ್ (ತಗಡಿನ ಪುಟ್ಟ ಕೊಳಲು), ಗಿಟಾರ್, ಟೀ ಪೆಟ್ಟಿಗೆಗೆ ಕೋಲು-ತಂತಿ ಕಟ್ಟಿದ ಬೇಸ್.

ತೊಂಬತ್ತು ನಿಮಿಷದ ಲೆಕ್ಕ ಹೀಗಿದೆ. ಹತ್ತು ಪುಟ ಎಂದರೆ ಸುಮಾರು ಮೂರು ಸಾವಿರ ಪದ, ಗಟ್ಟಿಯಾಗಿ ಓದಿದರೆ ಇಪ್ಪತ್ತು ನಿಮಿಷ. ಮೂರು ನಿಮಿಷದ ಹನ್ನೊಂದು ಹಾಡು ಎಂದರೆ ಮೂವತ್ಮೂರು. ಇನ್ನೂ ಮೂವತ್ತೇಳು ನಿಮಿಷ ಬೇಕು. ಇದಕ್ಕೆ ಹೊಸ ಕಥಾವಸ್ತು ಹೆಣೆಯಲು ಹೋಗುವವರೇ ಹೆಚ್ಚು, ಅಲ್ಲೇ ನಾಟಕ ಜಾಳಾಗುವುದು. ಕತೆಯಲ್ಲಿ ಒಂದೇ ಸಾಲಿನಲ್ಲಿ ಹಾದುಹೋಗುವ ನಲ್ಲಿಯ ಸರದಿ, ರೈಲು, ಶೆಬೀನ್ ಇವನ್ನು ಹಿಗ್ಗಿಸಿ. ನಿರೂಪಕನ ಕೊಂಕು ಕೋರಸ್‌ಗೆ ಹೋಗಲಿ. ಅದನ್ನು ನಾಯಕನ ಬಾಯಿಗೆ ಹಾಕಿದರೆ ತನ್ನ ಪಾಡಿಗೆ ತಾನೇ ಜೋಕ್ ಹೇಳಿಕೊಳ್ಳುವವನಂತೆ ಕಾಣುತ್ತಾನೆ. ದಕ್ಷಿಣ ಆಫ್ರಿಕಾದ ಲೇಖಕ ಕ್ಯಾನ್ ಥೆಂಬಾರ 1963ರ ಕತೆ 'ದಿ ಸೂಟ್' ಅನ್ನು ಬ್ರಿಟಿಷ್ ನಾಟಕ ನಿರ್ದೇಶಕ ಪೀಟರ್ ಬ್ರೂಕ್ 2012ರಲ್ಲಿ ಹಾಡುಗಳೊಂದಿಗೆ ಮಾಡಿಸಿದಾಗ ವಾದ್ಯದವರು ವೇದಿಕೆಯ ಮೇಲೇ ಇದ್ದರು, ನಡುವೆ ಪಾತ್ರಗಳೂ ಆದರು. ಸಣ್ಣ ತಂಡಕ್ಕೆ ಇದು ದೊಡ್ಡ ಉಳಿತಾಯ.

ಪ್ರೇಕ್ಷಕರಿಗೆ ಅರ್ಥವಾಗುವುದು? ಹದಿನೈದು-ಇಪ್ಪತ್ತು ಪದ ಮಾತ್ರ ಆರಿಸಿ. ಪ್ರತಿ ಪದ ಮೊದಲು ಕ್ರಿಯೆಯೊಂದಿಗೆ ಬರಲಿ: ಪೊಲೀಸ್ ವ್ಯಾನ್‌ಗೆ ಜನರನ್ನು ತಳ್ಳುತ್ತಾ 'ಖ್ವೇಲಾ!' ಎಂದು ಕೂಗಿದರೆ, ಅದರರ್ಥ 'ವ್ಯಾನ್ ಹತ್ತು' ಎಂದು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಮಾತಿನಲ್ಲಿ, ಮೂರನೆಯ ಸಲ ಹಾಡಿನಲ್ಲಿ. ಮೊದಲ ಸಲವೇ ಹಾಡಿನಲ್ಲಿ ಬಂದ ಪದ ತಬಲೆ ಬಡಿತದಂತೆ ಬರೀ ಸದ್ದು. ಪಾಂಪ್ಲೆಟ್‌ನಲ್ಲಿ ಪದಕೋಶ ಹಾಕುವುದಿದ್ದರೆ ಹಾಕಿ, ಕತ್ತಲಲ್ಲಿ ಯಾರೂ ಓದುವುದಿಲ್ಲ.

ಕತೆಯ ಕೃತಿಸ್ವಾಮ್ಯದ (ಕಾಪಿರೈಟ್) ವಿಷಯ: ದಕ್ಷಿಣ ಆಫ್ರಿಕಾದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 50 ವರ್ಷ, ಭಾರತದಲ್ಲಿ 60. ಅದರೊಳಗಿದ್ದರೆ ಮೊದಲ ಹಾಡು ಬರೆಯುವ ಮುಂಚೆಯೇ ವಾರಸುದಾರರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಅದರಲ್ಲಿ 'ಸಂಗೀತ ರೂಪಾಂತರ' ಎಂದು ಸ್ಪಷ್ಟವಾಗಿ ಬರೆಸಿ.