ಲಂಡನ್ನಿನ ವೈದ್ಯಕೀಯ ಮ್ಯೂಸಿಯಂಗಳು: ಎರಡು ದಿನ ಸಾಕೇ?

ಪ್ರಶ್ನೆ: ಸ್ಟಾಫ್ ನರ್ಸ್ ಆಗಿ ನಿವೃತ್ತಳಾಗಿದ್ದೇನೆ. ಮಗಳು ಲಂಡನ್ನಿನಲ್ಲಿದ್ದಾಳೆ, ಬೇಸಿಗೆಗೆ ಹೊರಟಿದ್ದೇವೆ. ಹಳೇ ಕಾಲದ ಆಪರೇಷನ್ ಥಿಯೇಟರ್, ಮ್ಯೂಸಿಯಂ ನೋಡುವ ಆಸೆ. ಸಿಗುವುದು ಎರಡೇ ದಿನ. ನಮ್ಮ ಮನೆಯವರಿಗೆ ಮೊಣಕಾಲು ನೋವು. ಹೇಗೆ ಹೋಗಬೇಕು?
— ಓದುಗರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಎರಡು ದಿನ ಸಾಕು, ಆದರೆ ಅವು ಗುರುವಾರ, ಶುಕ್ರವಾರ ಆಗಿರಲಿ. ಸೋಮವಾರ ಹೊರಟರೆ ಕೆಳಗೆ ಹೇಳುವ ನಾಲ್ಕರಲ್ಲಿ ಮೂರರ ಬಾಗಿಲು ಹಾಕಿರುತ್ತದೆ.

ಗುರುವಾರ ಬೆಳಿಗ್ಗೆ ಲಂಡನ್ ಬ್ರಿಡ್ಜ್ ನಿಲ್ದಾಣದ ಹತ್ತಿರದ ಓಲ್ಡ್ ಆಪರೇಟಿಂಗ್ ಥಿಯೇಟರ್‌ಗೆ ಹೋಗಿ. ಚರ್ಚಿನ ಅಟ್ಟದಲ್ಲಿ 1822ರಲ್ಲಿ ಪಕ್ಕದ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿಗೆಂದು ಕಟ್ಟಿದ್ದು. ಕರೆಂಟಿಲ್ಲದ ಕಾಲವಾದ್ದರಿಂದ ಚಾವಣಿಗೇ ಗಾಜು ಕೂರಿಸಿದ್ದಾರೆ, ನಮ್ಮ ಮಣ್ಣಿನ ಮಾಳಿಗೆಯ ಬೆಳಕಿಂಡಿ ಇದ್ದಂತೆ. ನೀವು ನರ್ಸ್, ಮರದ ಟೇಬಲ್ಲಿನ ಕೆಳಗೆ ಬಗ್ಗಿ ನೋಡಲೇಬೇಕು: ಅಲ್ಲಿ ಮರದ ಹೊಟ್ಟಿನ ಪೆಟ್ಟಿಗೆ. ರಕ್ತ ಸೋರುವ ಕಡೆಗೆ ಅದನ್ನು ಕಾಲಿನಿಂದ ತಳ್ಳುತ್ತಿದ್ದರು. ಪ್ರಜ್ಞೆ ತಪ್ಪಿಸುವ ಈಥರ್ ಬಂದದ್ದು 1846ರ ಕೊನೆಗೆ; ಅಲ್ಲಿಯವರೆಗೆ ಎಚ್ಚರವಿದ್ದವರನ್ನೇ ಅದುಮಿ ಹಿಡಿದು ಕೊಯ್ಯುತ್ತಿದ್ದರು. ನೋವು ತಪ್ಪಿದ ಮೇಲೂ ಕೀವು ತಪ್ಪಲಿಲ್ಲ. ಸರ್ಜನ್ ಜೋಸೆಫ್ ಲಿಸ್ಟರ್ ಗಾಯಕ್ಕೆ ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಸಿಡ್ ಬಳಸಿದ್ದು 1865ರಲ್ಲಿ, ಈ ಥಿಯೇಟರ್ 1862ಕ್ಕೇ ಮುಚ್ಚಿತ್ತು.

ತೊಡಕು ಮೆಟ್ಟಿಲಿನದು. 52 ಮೆಟ್ಟಿಲು, ಇಕ್ಕಟ್ಟು, ಸುರುಳಿ. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಯಜಮಾನರಿಗೆ ಬೇರೆ ದಾರಿ ಉಂಟೇ ಎಂದು ಮಗಳಿಂದ ಮೊದಲೇ ಕೇಳಿಸಿ. ಇಲ್ಲಿ ಟಿಕೆಟ್ ಉಂಟು, ಉಳಿದ ಮೂರೂ ಪುಕ್ಕಟೆ.

ಮಧ್ಯಾಹ್ನ ಮೆಟ್ರೋದ ನಾರ್ದರ್ನ್ ಲೈನ್ ಹಿಡಿದು ಯೂಸ್ಟನ್‌ನಲ್ಲಿಳಿದರೆ ವೆಲ್‌ಕಮ್ ಕಲೆಕ್ಷನ್, ಆರೋಗ್ಯ, ವೈದ್ಯಕೀಯದ ಮ್ಯೂಸಿಯಂ. ಗುರುವಾರ ರಾತ್ರಿ ಎಂಟರವರೆಗೂ ತೆರೆದಿರುವುದರಿಂದ ಅವಸರ ಬೇಡ.

ಶುಕ್ರವಾರ ಹತ್ತಕ್ಕೆ ಹೋಬರ್ನ್ ಬಳಿಯ ಹಂಟೇರಿಯನ್ ಮ್ಯೂಸಿಯಂ. ಪುಕ್ಕಟೆಯಾದರೂ ಸಮಯ ಕಾಯ್ದಿರಿಸಿಕೊಂಡೇ ಹೋಗಿ. ದೇಹದ ಭಾಗಗಳನ್ನಿಟ್ಟ ಜಾಡಿಗಳ ಸಾಲಿನಲ್ಲೇ ಹೊತ್ತು ಕಳೆದುಬಿಡಬೇಡಿ. 1640ರ ದಶಕದಲ್ಲಿ ಇಟಲಿಯ ಪಾಡುವಾದಲ್ಲಿ ಕೊಂಡ ನಾಲ್ಕು ಹಲಗೆಗಳನ್ನು ಹುಡುಕಿ. ಮನುಷ್ಯನ ನರ, ರಕ್ತನಾಳಗಳನ್ನೇ ಬಿಡಿಸಿ ಹಲಗೆಗೆ ಅಂಟಿಸಿದ್ದಾರೆ. ಬೇರು ಕಿತ್ತು ಒಣಗಿಸಿದಂತೆ ಕಾಣುತ್ತದೆ. ಭ್ರೂಣಗಳೂ ಇರುವುದರಿಂದ ಮೊಮ್ಮಕ್ಕಳನ್ನು ಕರೆದೊಯ್ಯುವ ಮುಂಚೆ ಯೋಚಿಸಿ.

ಅಲ್ಲಿಂದ ಪಿಕಡಿಲಿ ಲೈನ್‌ನಲ್ಲಿ ರೈಲು ಬದಲಿಸದೆ ಸೌತ್ ಕೆನ್ಸಿಂಗ್ಟನ್. ಸೈನ್ಸ್ ಮ್ಯೂಸಿಯಂನ ವೈದ್ಯಕೀಯ ಗ್ಯಾಲರಿಗಳು ಬಹಳ ದೊಡ್ಡವು, ಲಿಫ್ಟ್ ಇದೆ.

ಮೆಟ್ರೋದಲ್ಲಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಹೊರಬರುವಾಗ ಗೇಟಿಗೆ ಅದನ್ನು ಮುಟ್ಟಿಸಲು ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ.