ಟ್ರಾವೆಲ್ ಕ್ರೆಡಿಟ್ ಕಾರ್ಡ್ ತಗೊಳ್ಳಬೇಕಾ? ಅಡಿಕೆ ತೋಟದವರ ಲೆಕ್ಕದಲ್ಲಿ ಹೇಳುತ್ತೇನೆ

ಅಣ್ಣ, ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದೆ. ಅಡಿಕೆ ಗೊನೆ ಕೊಯ್ಲಿನ ಗಲಾಟೆಯಲ್ಲಿ ಬರೆಯಲು ಆಗಲಿಲ್ಲ. ಮಗಳು ಜರ್ಮನಿಯಲ್ಲಿದ್ದಾಳೆ, ಮೇ ತಿಂಗಳಲ್ಲಿ ನೀವು ಅತ್ತಿಗೆ ಇಬ್ಬರೂ ಮೂರು ವಾರಕ್ಕೆ ಹೊರಟಿದ್ದೀರಿ. ಅಷ್ಟರಲ್ಲಿ ಬ್ಯಾಂಕಿನ ಹುಡುಗ ಫೋನ್ ಮಾಡಿ "ಟ್ರಾವೆಲ್ ಕಾರ್ಡ್ ತಗೊಳ್ಳಿ ಸಾರ್, ಪಾಯಿಂಟಲ್ಲೇ ಟಿಕೆಟ್ ಫ್ರೀ, ಏರ್‌ಪೋರ್ಟಲ್ಲಿ ಲೌಂಜ್ (ಊಟ, ವಿಶ್ರಾಂತಿಯ ಕೋಣೆ) ಫ್ರೀ" ಅಂದಿದ್ದಾನೆ, ತಗೊಳ್ಳೋದಾ ಬೇಡ್ವಾ. ಇಷ್ಟೇ ಅಲ್ವಾ? ಅಡಿಕೆ ಗುಂಪಿನಲ್ಲಿ ಕಾರ್ಡಿನ ಪುರಾಣ ಬೇಡ ಅಂತ ಅಡ್ಮಿನ್ ಬೈಯಬಹುದು, ಆದರೂ ಉದ್ದವಾಗೇ ಬರೆಯುತ್ತೇನೆ, ಯಾಕೆಂದರೆ ನಾನು ಇದರಲ್ಲಿ ಒಂದು ಸಲ ಕೈ ಸುಟ್ಟುಕೊಂಡವನು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಟಿಕೆಟ್ ಫ್ರೀ ಸಿಗುತ್ತದೆ ಅನ್ನೋ ಆಸೆಗೆ ಆ ಕಾರ್ಡ್ ಬೇಡ. ಆದರೆ ಹೊರದೇಶಕ್ಕೆ ಹೋಗುವಾಗ ಕೈಯಲ್ಲಿ ಒಂದು ಕಾರ್ಡ್ ಇರಲೇಬೇಕು, ಅದು ಆ ಹುಡುಗ ಹೇಳಿದ್ದಕ್ಕಿಂತ ಬೇರೆ ಥರದ್ದು.

ಪಾಯಿಂಟಿನ ಲೆಕ್ಕ ನೋಡೋಣ. "100 ರೂಪಾಯಿಗೆ 2 ಪಾಯಿಂಟ್" ಅಂತ ಹೇಳುತ್ತಾರೆ, ಒಂದು ಪಾಯಿಂಟಿಗೆ ಎಷ್ಟು ಪೈಸೆ ಅಂತ ಹೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಕೆಲವು ಕಾರ್ಡಿನಲ್ಲಿ ಪಾಯಿಂಟಿಗೆ 1 ರೂಪಾಯಿ, ಕೆಲವದರಲ್ಲಿ 50 ಪೈಸೆ, ಕೆಲವದರಲ್ಲಿ 20, 25 ಪೈಸೆ. ಅದೇ ಕಾರ್ಡಿನಲ್ಲಿ ವಿಮಾನದ ಟಿಕೆಟ್ ತಗೊಂಡರೆ ಒಂದು ಬೆಲೆ, ಮಿಕ್ಸಿ ಕುಕ್ಕರ್ ತಗೊಂಡರೆ ಇನ್ನೊಂದು ಬೆಲೆ, ಬಿಲ್ಲಿಗೆ ವಜಾ ಹಾಕಿಸಿಕೊಂಡರೆ ಮತ್ತೂ ಕಡಿಮೆ. 50 ಪೈಸೆ ಅಂತಲೇ ಇಟ್ಟುಕೊಳ್ಳಿ. ಆಗ 100 ರೂಪಾಯಿ ಖರ್ಚಿಗೆ 1 ರೂಪಾಯಿ ವಾಪಸ್. ನಿಮ್ಮಿಬ್ಬರ ಹೋಗಿಬರುವ ಟಿಕೆಟ್ ಲಕ್ಷದ ಮೇಲೆ ಆಗುತ್ತದೆ. ಒಂದು ಲಕ್ಷದ ಪಾಯಿಂಟ್ ಕೂಡಬೇಕಾದರೆ ಕಾರ್ಡಿನಲ್ಲಿ ಒಂದು ಕೋಟಿ ಉಜ್ಜಬೇಕು! ಶೇಕಡಾ 3 ಕೊಡುವ ಒಳ್ಳೆಯ ಕಾರ್ಡ್ ಆದರೂ 33 ಲಕ್ಷ. ನಾವು ಇಡೀ ತೋಟ ಉಜ್ಜಿದರೂ ಆಗುವ ಮಾತಲ್ಲ.

ಇನ್ನು ವಾರ್ಷಿಕ ಶುಲ್ಕ. 2,500 ಅಂದರೆ ಅದಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿ 2,950. ಬರೀ ಅದನ್ನು ವಾಪಸ್ ದುಡಿಯಲು ಸುಮಾರು 3 ಲಕ್ಷ ಕಾರ್ಡಿನಲ್ಲೇ ಖರ್ಚಾಗಬೇಕು. ಸೇರುವಾಗ ಕೊಡುವ ಬೋನಸ್ ಪಾಯಿಂಟಿನಿಂದ ಮೊದಲ ವರ್ಷ ಹೇಗೋ ಸರಿಹೋಗುತ್ತದೆ, ಎರಡನೇ ವರ್ಷದಿಂದ ನಮ್ಮ ಜೇಬಿನದ್ದೇ.

ನಮ್ಮ ಖರ್ಚು ಎಲ್ಲಿ ಹೋಗುತ್ತದೆ ನೋಡಿ. ಗೊನೆ ಇಳಿಸುವ ಕೊನೆಗಾರನಿಗೆ ನಗದು. ಸುಲಿಯುವ ಹೆಂಗಸರಿಗೆ ನಗದು. ಮೈಲುತುತ್ತ, ಸುಣ್ಣ, ಗೊಬ್ಬರ ಸೊಸೈಟಿಯಲ್ಲಿ, ಅದು ಖಾತೆಗೆ ಬರೆಸುವುದು. ಟಿಲ್ಲರಿಗೆ, ಜೀಪಿಗೆ ಡೀಸೆಲ್ ಕಾರ್ಡಿನಲ್ಲಿ ಹಾಕಿಸಬಹುದು, ಆದರೆ ಇಂಧನಕ್ಕೆ ಹೆಚ್ಚಿನ ಟ್ರಾವೆಲ್ ಕಾರ್ಡಿನಲ್ಲಿ ಪಾಯಿಂಟೇ ಇಲ್ಲ, ಶೇಕಡಾ 1 ಸರ್‌ಚಾರ್ಜ್ ಮಾಫಿ ಅಷ್ಟೇ. ನಾನೊಂದು ವರ್ಷ ಹಠಕ್ಕೆ ಬಿದ್ದು ಮನೆಯ ಹಿಂದಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಕರೆಂಟು, ಫೋನು, ವಿಮೆ, ಮಗನ ಕಾಲೇಜಿನ ಫೀಸು, ಪೇಟೆಗೆ ಹೋದಾಗಿನ ಬಟ್ಟೆಬರೆ, ಎಲ್ಲಾ ಸೇರಿ ಕಾರ್ಡಿನಲ್ಲಿ ಹೋದದ್ದು ಒಂದೂವರೆ ಲಕ್ಷ. ಅಂದರೆ 1,500 ರೂಪಾಯಿಯ ಪಾಯಿಂಟ್. ರೂಪೇ ಕ್ರೆಡಿಟ್ ಕಾರ್ಡ್ ಆದರೆ 2022ರಿಂದ ಯುಪಿಐಗೆ ಜೋಡಿಸಬಹುದು, ಕಿರಾಣಿ ಅಂಗಡಿಯ ಕ್ಯೂಆರ್‌ಗೂ ನಡೆಯುತ್ತದೆ, ಆದರೆ ಯುಪಿಐ ಖರ್ಚಿಗೆ ಪಾಯಿಂಟ್ ಪೂರ್ತಿ ಕೊಡುತ್ತಾರಾ ಅಂತ ಕೇಳಿಕೊಳ್ಳಿ. ಹಲವು ಕಾರ್ಡಿನಲ್ಲಿ ಕಡಿಮೆ, ಕೆಲವದರಲ್ಲಿ ಸೊನ್ನೆ.

ಪಾಯಿಂಟ್ ಹೇಗೋ ಕೂಡಿತು ಅಂತಿಟ್ಟುಕೊಳ್ಳಿ. ಮೈಲ್ಸ್ (ವಿಮಾನ ಕಂಪನಿಯ ಪಾಯಿಂಟ್) ಮೇಲೆ ಸಿಗುವ ಸೀಟುಗಳು ಬೆರಳೆಣಿಕೆ, ತಾರೀಖು ಹಿಂದೆ ಮುಂದೆ ಮಾಡಿಕೊಳ್ಳುವವರಿಗೆ ಅದು ಸರಿ. ನಮಗೆ ಕೊಯ್ಲು, ಒಣಗಿಸುವುದು ಎಲ್ಲಾ ಮುಗಿಯದೆ ಹೊರಡಲು ಆಗಲ್ಲ, ಮಳೆ ಹಿಡಿಯುವ ಹೊತ್ತಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಸಲು ವಾಪಸ್ ಇರಬೇಕು. ಇಲ್ಲದಿದ್ದರೆ ಅಡಿಕೆಯ ಕೊಳೆರೋಗ ನಮಗೋಸ್ಕರ ಕಾಯುತ್ತದಾ? ಬೇಸಿಗೆ ರಜೆಯಲ್ಲಿ, ಅದೇ ವಾರಕ್ಕೆ, ಎರಡು ಸೀಟು. ಸಿಕ್ಕಿದರೂ ತೆರಿಗೆ, ಸರ್‌ಚಾರ್ಜ್ ಕೈಯಿಂದಲೇ ಕಟ್ಟಬೇಕು.

ಒಂದೇ ವಿಮಾನ ಕಂಪನಿಗೆ ಅಂಟಿಸಿದ ಕಾರ್ಡ್ ಬಗ್ಗೆಯೂ ಒಂದು ಮಾತು. ನಮ್ಮ ಬೆಂಗಳೂರಿನದ್ದೇ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್‌ನಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಪಾಯಿಂಟ್‌ಗಳೇನೋ ಅಲ್ಲಿಗೆ ವರ್ಗವಾದವು. ಹತ್ತು ವರ್ಷ ಪಾಯಿಂಟ್ ಗುಡ್ಡೆ ಹಾಕಿ ಕೂರುವುದು, ಹಳೆ ಅಡಿಕೆ ರೇಟು ಬರಲಿ ಅಂತ ಅಟ್ಟದಲ್ಲಿ ಇಟ್ಟ ಹಾಗಲ್ಲ. ಅಡಿಕೆ ಆದರೆ ಕಣ್ಣ ಮುಂದೆ ಇರುತ್ತದೆ, ಪಾಯಿಂಟಿನ ಬೆಲೆ ಒಂದು ಇಮೇಲ್ ಕಳಿಸಿ ಇಳಿಸಿಬಿಡುತ್ತಾರೆ.

ಈಗ ನಾನು ಕೈ ಸುಟ್ಟುಕೊಂಡದ್ದು. ನಮ್ಮ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ, ಕಾರ್ಡಿನ ಬಿಲ್ಲು ತಿಂಗಳು ತಿಂಗಳು ಬರುತ್ತದೆ. ಆ ವರ್ಷ ಮಗನ ಫೀಸು, ಲ್ಯಾಪ್‌ಟಾಪ್ ಎಲ್ಲಾ ಕಾರ್ಡಿನಲ್ಲಿ ಕಟ್ಟಿದ್ದೆ, ಪಾಯಿಂಟ್ ಬರುತ್ತದಲ್ಲ ಅಂತ. ಬಿಲ್ಲು ಬಂದಾಗ ರೇಟು ಇನ್ನೂ ಏರಬಹುದು ಅಂತ ಅಡಿಕೆ ಕೊಟ್ಟಿರಲಿಲ್ಲ. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ ನೋಡಿ, ಟೋಟಲ್ ಡ್ಯೂ ಅಂದರೆ ಪೂರ್ತಿ ಬಾಕಿ, ಮಿನಿಮಮ್ ಡ್ಯೂ ಅಂದರೆ ಸದ್ಯಕ್ಕೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಮಿನಿಮಮ್ ಕಟ್ಟಿದರೆ ಆಯ್ತಲ್ಲ, ಅಡಿಕೆ ಹಾಕಿದ ಮೇಲೆ ಉಳಿದದ್ದು ಅಂದುಕೊಂಡೆ. ಬಾಕಿ ಉಳಿದದ್ದು 80,000. ತಿಂಗಳಿಗೆ ಶೇಕಡಾ 3.5 ಅಂದರೆ 2,800, ಅದರ ಮೇಲೆ ಜಿಎಸ್‌ಟಿ 504, ಒಟ್ಟು 3,304. ಬಡ್ಡಿಯನ್ನು ಬಿಲ್ಲಿನ ದಿನದಿಂದ ಹಾಕುವುದಿಲ್ಲ, ಸಾಮಾನು ತಗೊಂಡ ದಿನದಿಂದ ಹಾಕುತ್ತಾರೆ. ಬಾಕಿ ಇರುವ ತನಕ ಹೊಸದಾಗಿ ಕಾಫಿಪುಡಿ ತಗೊಂಡರೂ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಹಾಗೆ ಎರಡು ತಿಂಗಳು ಎಳೆದೆ. ನಾಲ್ಕು ವರ್ಷದ ಪಾಯಿಂಟ್ ಹೋದ ಹಾಗಾಯಿತು. ರೇಟು ಏರಿತಾ ಅಂತ ಕೇಳಬೇಡಿ.

ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಸಿಗುವ ನಮಗೆ ವರ್ಷಕ್ಕೆ ಶೇಕಡಾ 42ರ ಸಾಲ! ಹಾಗಾಗಿ ಕಾರ್ಡ್ ತಗೊಂಡರೆ ಆಟೋ ಡೆಬಿಟ್ (ಖಾತೆಯಿಂದ ತಾನಾಗೇ ಬಿಲ್ಲು ಕಟ್ಟುವುದು) ಹಾಕಿಸಿ, ಹಾಕಿಸುವಾಗ "ಟೋಟಲ್ ಡ್ಯೂ" ಅನ್ನುವುದಕ್ಕೇ ಟಿಕ್ ಮಾಡಿದ್ದೀರಾ ಅಂತ ಎರಡು ಸಲ ನೋಡಿ. ಬಿಲ್ಲಿನ ತಾರೀಖು ನಿಮಗೆ ಹೊಂದದಿದ್ದರೆ ಬದಲಾಯಿಸಿಕೊಡಿ ಅಂತ ಕೇಳಬಹುದು, ಆರ್‌ಬಿಐ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಇಷ್ಟೆಲ್ಲಾ ಹೇಳಿ ಮತ್ತೆ ಕಾರ್ಡ್ ಯಾಕೆ ಬೇಕು ಅಂದೆ? ಫಾರೆಕ್ಸ್ ಮಾರ್ಕಪ್‌ಗೋಸ್ಕರ. ನಮ್ಮ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದಾಗ ಯೂರೋವನ್ನು ರೂಪಾಯಿ ಮಾಡಿ, ಅದರ ಮೇಲೆ ಬ್ಯಾಂಕು ಒಂದು ಕಮಿಷನ್ ಹಾಕುತ್ತದೆ. ಸಾಮಾನ್ಯ ಕಾರ್ಡಿನಲ್ಲಿ ಶೇಕಡಾ 3.5, ಜಿಎಸ್‌ಟಿ ಸೇರಿದರೆ 4.13. ದೊಡ್ಡ ಕಾರ್ಡ್‌ಗಳಲ್ಲಿ ಶೇಕಡಾ 2, ಅಂದರೆ 2.36. ಕೆಲವದರಲ್ಲಿ ಸೊನ್ನೆ. ಲೆಕ್ಕಕ್ಕೆ ಯೂರೋಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ವಾರದಲ್ಲಿ 2,000 ಯೂರೋ, ಅಂದರೆ 2 ಲಕ್ಷ ಖರ್ಚಾದರೆ, ಸಾಮಾನ್ಯ ಕಾರ್ಡಿನಲ್ಲಿ 8,260 ಸುಮ್ನೆ ಹೋಗುತ್ತದೆ. ಅದೇ 2 ಲಕ್ಷಕ್ಕೆ ಬರುವ ಪಾಯಿಂಟ್ 2,000 ರೂಪಾಯಿಯದ್ದು. ಆ ಹುಡುಗ ಈ 2,000ದ ಕಥೆ ಹೇಳಿದ, 8,260ರದ್ದು ಹೇಳಲಿಲ್ಲ. ಮತ್ತೆ ಫೋನ್ ಬಂದಾಗ "ಫಾರೆಕ್ಸ್ ಮಾರ್ಕಪ್ ಎಷ್ಟಪ್ಪಾ" ಅಂತ ಒಂದೇ ಪ್ರಶ್ನೆ ಕೇಳಿ, ಆಮೇಲೆ ಅದನ್ನೇ ಬರಹದಲ್ಲಿ ಕಳಿಸು ಅನ್ನಿ.

ಸೊನ್ನೆ ಮಾರ್ಕಪ್ಪಿನ ಕಾರ್ಡ್‌ಗಳು ಒಂದಷ್ಟು ಇವೆ. ಫೆಡರಲ್ ಬ್ಯಾಂಕ್ ಜೊತೆಗಿನ ಸ್ಕೇಪಿಯಾ, ಐಡಿಎಫ್‌ಸಿ ಫಸ್ಟ್‌ನ ವಾವ್ ಅಂಥವು. ಅರ್ಜಿ ಹಾಕುವ ದಿನದ ನಿಯಮ ಓದಿಕೊಳ್ಳಿ, ಇವೆಲ್ಲ ಬದಲಾಗುತ್ತಲೇ ಇರುತ್ತವೆ. ನಮ್ಮಂಥವರಿಗೆ ಇನ್ನೊಂದು ತೊಡಕು ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ ಹಾಕಿರುವುದಿಲ್ಲ, ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಬರೀ ಪಹಣಿ ತೋರಿಸಿದರೆ ಹೆಚ್ಚಿನ ಬ್ಯಾಂಕು ಕ್ರೆಡಿಟ್ ಕಾರ್ಡ್ ಕೊಡಲ್ಲ. ಅದಕ್ಕೆ ದಾರಿ ಅಂದರೆ ಎಫ್‌ಡಿ ಮೇಲಿನ ಕಾರ್ಡ್. ವಾವ್ ಆ ಜಾತಿಯದ್ದೇ. ಒಂದು ಲಕ್ಷ ಎಫ್‌ಡಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ, ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಮಿತಿ ಸಾಲದು ಅಂದರೆ ಜರ್ಮನಿಯಿಂದಲೇ ವಾರಕ್ಕೊಮ್ಮೆ ಆ್ಯಪ್‌ನಲ್ಲಿ ಬಾಕಿ ಕಟ್ಟಿಬಿಡಿ, ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ಸುಮ್ನೆ ನಾಲ್ಕು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಸಿಬಿಲ್ (ನಮ್ಮ ಸಾಲದ ದಾಖಲೆ) ನೋಡುತ್ತಾರೆ, ಆಮೇಲೆ ಡ್ರೈಯರಿಗೆ ಸಾಲ ಕೇಳಲು ಹೋದಾಗ ತಕರಾರು.

ಕಾರ್ಡ್ ಬಂದ ಮೇಲೆ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಬೇಕು. 2020ರ ಅಕ್ಟೋಬರಿನಿಂದ ಹೊಸ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತವೆ. ಇದನ್ನು ಮರೆತು ಅಲ್ಲಿ ಅಂಗಡಿಯಲ್ಲಿ ನಿಂತು ಬೆವರಿದವರು ಇದ್ದಾರೆ. ವಾಪಸ್ ಬಂದ ದಿನವೇ ಆಫ್ ಮಾಡಿ, ಯಾಕೆಂದರೆ ಹೊರದೇಶದ ಎಷ್ಟೋ ವೆಬ್‌ಸೈಟ್‌ಗಳು ಒಟಿಪಿ ಕೇಳುವುದೇ ಇಲ್ಲ. ಕಾರ್ಡಿನ ಮೇಲೆ ಬರೆದಿರುವ ವಿವರ ಗೊತ್ತಿದ್ದರೆ ಸಾಕು.

ಇನ್ನೊಂದು, ಇದನ್ನು ಮಾತ್ರ ಅತ್ತಿಗೆಗೂ ಹೇಳಿಕೊಡಿ. ಎರಡು ವರ್ಷದ ಹಿಂದೆ ನಾವು ಮ್ಯೂನಿಕ್‌ನಲ್ಲಿ ನನ್ನ ತಮ್ಮನ ಮನೆಗೆ ಹೋಗಿದ್ದೆವು. ನನ್ನ ಹೆಂಡತಿ ಒಂದು ಮಳೆ ಜಾಕೆಟ್ ತಗೊಂಡಳು, 60 ಯೂರೋ. ಕಾರ್ಡ್ ಇಟ್ಟ ತಕ್ಷಣ ಮಷೀನಿನ ಪರದೆ ಮೇಲೆ ಎರಡು ಸಾಲು ಬಂತು, ಒಂದರಲ್ಲಿ ಯೂರೋ, ಇನ್ನೊಂದರಲ್ಲಿ ನಮ್ಮ ರೂಪಾಯಿ. ನಮ್ಮ ದುಡ್ಡು ಕಂಡರೆ ಖುಷಿ ಆಗುತ್ತದಲ್ಲ, ಅದನ್ನೇ ಒತ್ತಲು ಹೋದಳು. ತಮ್ಮ ಪಕ್ಕದಿಂದ ಕೈ ಹಿಡಿದ. ರೂಪಾಯಿ ಒತ್ತಿದರೆ ಆ ಮಷೀನಿನ ಕಂಪನಿ ತನ್ನ ದರ ಹಾಕುತ್ತದೆ, ಕಾರ್ಡಿನ ದರಕ್ಕಿಂತ ಅದು ಜಾಸ್ತಿನೇ. ಅವತ್ತು 60 ಯೂರೋಗೆ ಮುನ್ನೂರು ರೂಪಾಯಿ ಹತ್ತಿರ ಜಾಸ್ತಿ ತೋರಿಸುತ್ತಿತ್ತು. ಕೆಲವು ಬ್ಯಾಂಕು ಅದರ ಮೇಲೆ ತನ್ನದೂ ಒಂದು ಶುಲ್ಕ ಸೇರಿಸುತ್ತದೆ. ಸೊನ್ನೆ ಮಾರ್ಕಪ್ಪಿನ ಕಾರ್ಡ್ ತಗೊಂಡು ಅಲ್ಲಿ ರೂಪಾಯಿ ಒತ್ತಿದರೆ ತಗೊಂಡಿದ್ದೇ ದಂಡ. ಎಲ್ಲೇ ಕೇಳಿದರೂ ಯೂರೋ.

ಕ್ರೆಡಿಟ್ ಕಾರ್ಡಿನಲ್ಲಿ ಎಟಿಎಂನಿಂದ ದುಡ್ಡು ತೆಗೆಯಬೇಡಿ, ಶುಲ್ಕವೂ ಇದೆ, ಹೆಚ್ಚಿನ ಕಾರ್ಡಿನಲ್ಲಿ ಬಡ್ಡಿ ಆ ಕ್ಷಣದಿಂದಲೇ. ಜರ್ಮನಿಯಲ್ಲಿ ಸಣ್ಣ ಬೇಕರಿ, ಸಂತೆಯಲ್ಲಿ ಈಗಲೂ ನಗದೇ ಕೇಳುವವರು ಇದ್ದಾರೆ, ಅದಕ್ಕೆ ಇಲ್ಲಿಂದಲೇ ಒಂದಿನ್ನೂರು ಮುನ್ನೂರು ಯೂರೋ ನೋಟು ತಗೊಂಡು ಹೋಗಿ. ಕಾರ್ಡಿನ ಜೊತೆ ವಿಮೆ ಫ್ರೀ ಅಂದರೆ ಅದನ್ನೇ ವೀಸಾಕ್ಕೆ ನೆಚ್ಚಿಕೊಳ್ಳಬೇಡಿ. ಷೆಂಗೆನ್ ವೀಸಾಕ್ಕೆ (ಜರ್ಮನಿಗೆ ಹೋಗಲು ಬೇಕಾದದ್ದು ಅದೇ) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯ ಪತ್ರ ಬೇಕು, ಬೇರೆಯೇ ಮಾಡಿಸಿ.

ಲೌಂಜ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಐದಕ್ಕೆ ಬೆಂಗಳೂರಿನಲ್ಲಿ ಇಳಿದು ಎರಡನೇ ಟರ್ಮಿನಲ್‌ನಲ್ಲಿ ಕಾಯುವ ನಮಗೆ ಅದು ಒಳ್ಳೆಯದೇ, ಕಾಲು ಚಾಚಿ ಕೂರಬಹುದು. ಆದರೆ ಈಗ ಹಲವು ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದರೆ ಮಾತ್ರ ಅನ್ನುತ್ತವೆ. ಹೆಚ್ಚಿನ ಕಾರ್ಡಿನಲ್ಲಿ ದೇಶೀಯ ಲೌಂಜ್ ಮಾತ್ರ, ನೀವು ಹೋಗುವುದು ಅಂತರರಾಷ್ಟ್ರೀಯದ ಕಡೆ. ಕಾರ್ಡ್ ನಿಮ್ಮದು, ಅತ್ತಿಗೆಗೆ ದುಡ್ಡು ಕೊಟ್ಟೇ ಒಳಗೆ. ಒಂದು ಪ್ಲೇಟ್ ಉಪ್ಪಿಟ್ಟಿಗೆ ಅಷ್ಟು ಸಾವಿರ ಖರ್ಚು ತೋರಿಸುವುದು ಬೇಡ, ಮನೆಯಿಂದ ಕಡುಬು ಕಟ್ಟಿಕೊಂಡು ಹೋಗಿ.

ಆ ಹುಡುಗನ ಕಾರ್ಡ್ ಈಗಾಗಲೇ ಮನೆಗೆ ಬಂದಿದ್ದರೆ ಆ್ಯಕ್ಟಿವೇಟ್ ಮಾಡಬೇಡಿ, ಒಟಿಪಿ ಕೊಡಬೇಡಿ, ಬೇಡ ಅಂತ ಬರೆದು ಕಳಿಸಿ. ಮುಚ್ಚಿ ಅಂತ ಕೇಳಿ, ಬಾಕಿ ಏನೂ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಅವರು ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

ಎಫ್‌ಡಿ ಕಾರ್ಡಿಗೆ ಈ ತಿಂಗಳೇ ಅರ್ಜಿ ಹಾಕಿ, ಮೇ ಬರುವುದರೊಳಗೆ ಇಲ್ಲಿ ಎರಡು ಮೂರು ಬಿಲ್ ಕಟ್ಟಿ ರೂಢಿ ಆಗಲಿ. ಟಿಕೆಟ್ ಮಗಳು ಅಲ್ಲಿಂದ ಮಾಡುತ್ತಾಳಾ, ನೀವೇ ಇಲ್ಲಿಂದ ಮಾಡುತ್ತೀರಾ ಅಂತ ಬರೆಯಿರಿ. ನೀವೇ ಮಾಡುವುದಾದರೆ ರೂಪಾಯಿಯಲ್ಲಿ ಕಟ್ಟಿದರೂ ಆ ವೆಬ್‌ಸೈಟ್ ಹೊರದೇಶದಲ್ಲಿ ನೋಂದಣಿ ಆಗಿದ್ದರೆ ಶುಲ್ಕ ಬೀಳುವುದುಂಟು, ಅದನ್ನು ನೋಡುವುದು ಹೇಗೆ ಅಂತ ಫೋಟೋ ಹಾಕಿ ತೋರಿಸುತ್ತೇನೆ. ಈಗ ಅಂಗಳದಲ್ಲಿ ಅಡಿಕೆ ಹರವಿದೆ, ಮೋಡ ಬೇರೆ ಆಗುತ್ತಿದೆ, ಹೋಗುತ್ತೇನೆ.